ಬಿಸಿ ಸೂಪು ಮತ್ತು ಸುಳ್ಳು ಬಾಗಿಲು

ಟಿಲ್ಕಂಬ್ ಕೋರ್ಟಿನ ಊಟದ ಕೋಣೆಯಲ್ಲಿ ಎರಡು ಬಾಗಿಲುಗಳಿವೆ. ಎರಡಕ್ಕೂ ಒಂದೇ ಮರ, ಒಂದೇ ಕೆತ್ತನೆ, ಒಂದೇ ಹಿತ್ತಾಳೆಯ ಹಿಡಿ. ಎಡಗಡೆಯದು ಬಾಗಿಲು. ಬಲಗಡೆಯದು ಬಾಗಿಲಲ್ಲ. ಹಿಡಿ ತಿರುಗಿಸಿದರೆ ತಿರುಗುತ್ತದೆ, ಅಷ್ಟೆ. ಅದರ ಹಿಂದೆ ಇರುವುದು ಬರೀ ಗೋಡೆ. ಎಡಕ್ಕೊಂದು ಬಾಗಿಲಿದ್ದ ಮೇಲೆ ಬಲಕ್ಕೂ ಒಂದಿರಲೇಬೇಕು, ಇಲ್ಲದಿದ್ದರೆ ಕೋಣೆಯ ಮೂತಿ ಸೊಟ್ಟಗಾಗುತ್ತದೆ ಎಂದು ಮನೆ ಕಟ್ಟಿಸಿದ ಮೊದಲನೆಯ ಥ್ರಿಪ್ ಸಾಹೇಬರು ಹಟ ಹಿಡಿದಿದ್ದರಂತೆ.

"ಈ ಬಾಗಿಲಿಂದ ಹೊರಗೆ ಹೋಗೋಕೆ ನೋಡಿ ಸೋತವರು ಎಷ್ಟೋ ಜನ," ಎಂದ ವಿಲ್ಫ್ರೆಡ್ ಪಾಸ್ಕ್, ತನ್ನ ಹಿಂದೆ ಕೊಡೆ ಹಿಡಿದು ನಿಂತಿದ್ದ ಪ್ರವಾಸಿಗಳ ಗುಂಪಿಗೆ. "ಒಬ್ಬ ಬಿಷಪ್ ಅಂತೂ ಅರ್ಧ ಗಂಟೆ ಎಳೆದ್ರಂತೆ. ಸ್ವರ್ಗದ ಬಾಗಿಲಿಗೇ ಬೀಗದಕೈ ಇಟ್ಕೊಂಡವರು ನೋಡಿ, ಇದೊಂದು ಬಗ್ಗಲಿಲ್ಲ."

ಗುಂಪು ನಕ್ಕಿತು. ಬಿಷಪ್ಪನ ಕಥೆ ಸುಳ್ಳು. ಆದರೆ ಸುಳ್ಳು ಬಾಗಿಲಿನ ಬಗ್ಗೆ ನಿಜ ಹೇಳಿದರೆ ಬಾಗಿಲಿಗೆ ಅವಮಾನ ಎಂಬುದು ವಿಲ್ಫ್ರೆಡ್‌ನ ವಾದವಾಗಿತ್ತು.

ಆ ಮನೆಯೇ ಹಾಗೆ. ಮುಂಗಟ್ಟಿನ ಕಿಟಕಿಗಳಲ್ಲಿ ಅರ್ಧ ಗಾಜು, ಅರ್ಧ ಬಣ್ಣ. ಬಣ್ಣದ ಕಿಟಕಿಯಲ್ಲಿ ಬಣ್ಣದ ಪರದೆ, ಪರದೆಯ ಸಂದಿಯಲ್ಲಿ ಇಣುಕುವ ಬಣ್ಣದ ಬೆಕ್ಕು. ನಡುಮನೆಯ ಕಂಬಗಳನ್ನು ವಿಲ್ಫ್ರೆಡ್ ಎಲ್ಲರಿಂದ ಮುಟ್ಟಿಸುತ್ತಿದ್ದ: "ಅಮೃತಶಿಲೆ. ತಟ್ಟಿ ನೋಡಿ. ಅಮೃತವೂ ಇಲ್ಲ, ಶಿಲೆಯೂ ಇಲ್ಲ, ಗಾರೆ." ಹುಲ್ಲುಹಾಸಿನ ಆಚೆ, ದನಗಳು ಒಳಗೆ ಬಾರದಂತೆ, ಆದರೆ ಕಿಟಕಿಯಿಂದ ನೋಡುವವರಿಗೆ ಬೇಲಿಯೂ ಕಾಣದಂತೆ ತೋಡಿದ ಕಂದಕವಿತ್ತು. ಇಂಗ್ಲಿಷರು ಆ ಕಂದಕಕ್ಕೆ ಇಟ್ಟಿರುವ ಹೆಸರೇ 'ಹಾಹಾ'. "ಬಿದ್ದವರು ಹೀಗಂತಾರೆ ಅಂದ್ಕೋಬೇಡಿ," ಎನ್ನುತ್ತಿದ್ದ ವಿಲ್ಫ್ರೆಡ್. "ನೋಡ್ತಾ ನಿಂತವರು ಅನ್ನೋದು."

ಆಳುಕೆಲಸಕ್ಕೆಂದು ಹುಡುಗನಾಗಿ ಸೇರಿದವನು ಈಗ ಕೂದಲು ನರೆತು ಮನೆ ತೋರಿಸುವವನಾಗಿದ್ದ. ಯುದ್ಧ ಮುಗಿದ ಮೇಲೆ ತೆರಿಗೆಯ ಹೊಡೆತಕ್ಕೆ ಸುತ್ತಲಿನ ದೊಡ್ಡ ಮನೆಗಳೆಲ್ಲ ಒಂದೊಂದಾಗಿ ಉರುಳುತ್ತಿದ್ದವು. ನೆರೆಯ ಪರಗಣೆಯ ಒಂದು ಮನೆಯ ಮೆಟ್ಟಿಲುಸಾಲು ಬಿಚ್ಚಿಸಿಕೊಂಡು ಅಮೆರಿಕದ ಯಾವುದೋ ಹೋಟೆಲಿಗೆ ಹಡಗು ಹತ್ತಿತ್ತು. ಟಿಲ್ಕಂಬ್ ಉಳಿಯಬೇಕಾದರೆ ಇದ್ದದ್ದು ಒಂದೇ ದಾರಿ: ಹಳೆಯ ಮನೆಗಳನ್ನು ಕಾಪಾಡುವ ಸಂಘವೊಂದಿತ್ತು, ಅದು ಮನೆಯನ್ನು ವಹಿಸಿಕೊಳ್ಳಬೇಕು. ವಹಿಸಿಕೊಂಡರೆ ಥ್ರಿಪ್ ದಂಪತಿಗಳು ಪಶ್ಚಿಮದ ಕಟ್ಟಿನಲ್ಲಿ ಇರಬಹುದು, ಮನೆ ತೋರಿಸುವವನು ಲಾಯದ ಮೇಲಿನ ಕೋಣೆಯಲ್ಲಿ ಇರಬಹುದು. ವಿಲ್ಫ್ರೆಡ್‌ಗೆ ಆ ಕೋಣೆ ಬಿಟ್ಟರೆ ಕ್ರಾಯ್ಡನ್ನಿನಲ್ಲಿ ತಂಗಿಯ ಮನೆಯ ಸೋಫಾ. ಅಲ್ಲಿ ಬಾಗಿಲೆಲ್ಲ ನಿಜವಾದ ಬಾಗಿಲುಗಳೇ. ತೋರಿಸುವುದಕ್ಕೇನೂ ಇಲ್ಲ, ನೋಡುವವರೂ ಇಲ್ಲ.

ಸಂಘದ ಪರವಾಗಿ ಮಿಸ್ ಹಾಬ್ಡೆ ಎಂಬಾಕೆ ಬರುವುದು ಅದೇ ದಿನ ಮಧ್ಯಾಹ್ನ ಎಂದು ಗೊತ್ತಿದ್ದೂ ವಿಲ್ಫ್ರೆಡ್ ಬೆಳಗಿನ ಗುಂಪಿನೊಡನೆ ಗ್ರಂಥಾಲಯಕ್ಕೆ ಬಂದಾಗ ಬಾಯಿ ಕಟ್ಟಿಕೊಳ್ಳಲಿಲ್ಲ. ಗ್ರಂಥಾಲಯದ ಗೋಡೆ ತುಂಬ ಪುಸ್ತಕ. ಒಂದು ಮೂಲೆಯಲ್ಲಿ ಮಾತ್ರ ಪುಸ್ತಕವಲ್ಲ, ಬೆನ್ನುಗಳು. ಮರದ ಹಲಗೆಗೆ ಅಂಟಿಸಿದ ಚರ್ಮದ ಬೆನ್ನುಗಳು. ಆ ಹಲಗೆಯೇ ಒಂದು ಗುಟ್ಟಿನ ಬಾಗಿಲು. ಸುಳ್ಳು ಪುಸ್ತಕಗಳಿಗೆ ಹೆಸರಿಟ್ಟವರು ಯಾರೋ ಹಿಂದಿನ ಥ್ರಿಪ್: 'ಹಾವಿನ ಕಾಲುಗಳು, ಮೂರು ಸಂಪುಟ', 'ಕದ-ಸಂಗ್ರಹ', 'ಮೌನಿಗಳ ಆಯ್ದ ಭಾಷಣಗಳು'.

"ಈ ಮನೆಯಲ್ಲಿ ಓದಿ ಸವೆದ ಪುಸ್ತಕ ಅಂದ್ರೆ ಇವಿಷ್ಟೇ," ಎಂದ ವಿಲ್ಫ್ರೆಡ್. ಆಮೇಲೆ ಕುತ್ತಿಗೆಯನ್ನು ಅಂಗಿಯ ಕಾಲರಿನೊಳಗೆ ಇಳಿಸಿ, ಗಲ್ಲ ಉಬ್ಬಿಸಿ, ಮನೆಯ ಒಡೆಯ ಸರ್ ಎವರಾರ್ಡ್ ಥ್ರಿಪ್ ಆದ. "ಹ್ರುಂ. ಪುಸ್ತಕ ಅಂದ್ರೆ ನನಗೆ ಪ್ರಾಣ. ಮಳೆ ನೀರು ಒಳಗೆ ಬಂದ್ರೆ ನಾಯಿ ನಿಲ್ಲಿಸೋಕೆ ಎತ್ತರ ಬೇಕಲ್ಲ. ಹ್ರುಂ. ಗೊತ್ತಾಯ್ತೋ?"

ನಗು ಬರಬೇಕಾದಲ್ಲಿ ಬರಲಿಲ್ಲ. ಗುಂಪು ಅವನ ಹೆಗಲಿನಾಚೆ ನೋಡುತ್ತಿತ್ತು. 'ಹಾವಿನ ಕಾಲುಗಳು' ತೆರೆದುಕೊಂಡು ಸರ್ ಎವರಾರ್ಡ್ ನಿಂತಿದ್ದರು. ಬಾಯಿ ಕಾಣದಷ್ಟು ದಟ್ಟವಾದ ಅವರ ಮೀಸೆ ಅಲ್ಲಾಡಿತು.

"ಮುಂದುವರಿಸು, ಪಾಸ್ಕ್. ನಾನು ಏನು ಹೇಳ್ತಾ ಇದ್ದೆ?"

"ಅಷ್ಟೇ ಹೇಳಿದ್ದು, ಸರ್ ಎವರಾರ್ಡ್."

"ಹ್ರುಂ. ಹಾಗಾದ್ರೆ ಇನ್ನೊಂದು ಮಾತು ಸೇರಿಸ್ತೀನಿ. ಶನಿವಾರದೊಳಗೆ ಲಾಯದ ಮೇಲಿನ ಕೋಣೆ ಖಾಲಿ ಆಗಿರಬೇಕು. ಸಂಘದವರು ಈ ಮನೆ ತಗೊಳ್ಲಿ, ಬಿಡ್ಲಿ, ತೋರಿಸೋನು ನೀನಲ್ಲ. ಗೊತ್ತಾಯ್ತೋ?"

ಪ್ರವಾಸಿಗಳಲ್ಲೊಬ್ಬಳು ಪಕ್ಕದವಳ ಕಿವಿಯಲ್ಲಿ, "ಎರಡನೆಯವರೂ ಚೆನ್ನಾಗಿ ಮಾಡ್ತಾರೆ," ಎಂದಳು.

ವಿಲ್ಫ್ರೆಡ್ ಲಾಯದ ಮೇಲಿನ ಕೋಣೆಗೆ ಹೋಗಿ ಪೆಟ್ಟಿಗೆ ತೆರೆದ. ಅತ್ತ ಊಟದ ಕೋಣೆಯಲ್ಲಿ ಮಧ್ಯಾಹ್ನದ ಊಟ ಶುರುವಾಗಿತ್ತು.

ಇಲ್ಲಿ ಅಡುಗೆಮನೆಯ ವಿಷಯ ಹೇಳಬೇಕು. ಮೊದಲನೆಯ ಥ್ರಿಪ್ ಸಾಹೇಬರಿಗೆ ಈರುಳ್ಳಿಯ ವಾಸನೆ ಆಗುತ್ತಿರಲಿಲ್ಲ. ಮನೆಯ ಮುಂಗಟ್ಟಿನ ಅಂದಕ್ಕೆ ಹೊಗೆಗೂಡೂ ಅಡ್ಡಿ. ಆದ್ದರಿಂದ ಅಡುಗೆಮನೆಯನ್ನು ಲಾಯದಾಚೆ ಮೂಲೆಗೆ ತಳ್ಳಿ, ಅಲ್ಲಿಂದ ಊಟದ ಕೋಣೆಗೆ ನೆಲದಡಿಯಲ್ಲಿ ಒಂದು ಓಣಿ ತೋಡಿಸಿದ್ದರು. ಸೂಪಿನ ಪಾತ್ರೆ ಆ ಓಣಿಯಲ್ಲಿ ಹೊರಟು, ತಿರುವು ತಿರುವಿನಲ್ಲೂ ಬಿಸಿ ಬಿಟ್ಟುಕೊಡುತ್ತ, ಮೇಜಿಗೆ ಬರುವ ಹೊತ್ತಿಗೆ ಕೆನೆಗಟ್ಟಿರುತ್ತಿತ್ತು. ಥ್ರಿಪ್ ವಂಶದಲ್ಲಿ ಬಿಸಿ ಸೂಪು ಕಂಡವರಿಲ್ಲ. ಊದಿ ಕುಡಿಯುವ ವಿದ್ಯೆ ಅವರಿಗೆ ಬೇಕಾಗಿರಲೇ ಇಲ್ಲ. ಸರ್ ಎವರಾರ್ಡ್ ಅಂತೂ ಚಮಚ ತುಂಬಿಸಿ ನೇರ ಗಂಟಲಿಗೆ ಇಳಿಸಿಕೊಳ್ಳುತ್ತಿದ್ದರು.

ಅವರು ಹೊಸದಾಗಿ ಮದುವೆಯಾಗಿದ್ದ ಎರಡನೆಯ ಹೆಂಡತಿಯ ಹೆಸರು ಮಾಡ್. ಹೆಸರೇ ಅಪ್ಪಣೆ. ಉತ್ತರದ ಕಡೆಯ ಗಿರಣಿ ಮಾಲೀಕರ ಮಗಳು, ಮಾತೂ ಉತ್ತರದ ಕಡೆಯದೇ, ಏನಾದರೂ ಮಾಡದೆ ಕೂರುವ ಜಾಯಮಾನದವಳಲ್ಲ. ಅರ್ಧ ತಾಸಾಗುವಷ್ಟರಲ್ಲಿ ಆಕೆ ಲಾಯದ ಮೆಟ್ಟಿಲು ಹತ್ತಿ ಬಂದು ವಿಲ್ಫ್ರೆಡ್‌ನ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಳು.

"ಪೆಟ್ಟಿಗಿ ಮುಚ್ಚೋ ಪಾಸ್ಕ್. ಸಾಹೇಬ್ರದು ಸುಟ್ಟೈತಿ."

"ಸಿಟ್ಟು ತಾನೆ, ಲೇಡಿ ಥ್ರಿಪ್? ಬೆಳಿಗ್ಗೆನೇ ನೋಡಿದೆ."

"ಸಿಟ್ಟಲ್ಲೋ, ಸುಟ್ಟೈತಿ. ನಾಲಿಗಿ. ಊಟದ ಕೋಣಿ ಬಾಜೂಕ ಕರೆಂಟಿನ ಒಲಿ ಇಡಿಸಿದ್ನೆಲ್ಲಾ, ಇವತ್ತ ಸೂಪು ಅದರ ಮ್ಯಾಲಿಂದ ಕುದೀತಾ ಬಂತು. ಇವರು ಎಂದಿನಂಗ ಒಂದ ಚಮಚಾ ಗುಳುಂ ಅನಿಸಿದ್ರು. ಉಗುಳ್ರಿ, ಉಗುಳ್ರಿ ಅಂದೆ. ಮೇಜಿನ ಮುಂದ ಕುಂತು ಥ್ರಿಪ್‌ಗಳು ಉಗುಳಂಗಿಲ್ಲಂತ. ಕಣ್ಣಾಗ ನೀರು, ಬಾಯಾಗ ಬೆಂಕಿ, ನುಂಗೇ ಬಿಟ್ರು."

"ಮಾತು?"

"'ಥ' ಒಂದ ಬರ್ತೈತಿ. ಸೂಪಿಗೆ ಥೂಪು ಅಂತಾರ."

"ಈ ಮನೆಯ ಸೂಪಿಗೆ ಆ ಹೆಸರು ಮೊದಲೇ ಇಡಬೇಕಾಗಿತ್ತು."

"ನಗಬ್ಯಾಡ. ಆ ಹಾಬ್ಡೆ ಬಾಯಿ ಚಹಾದ ಹೊತ್ತಿಗೆ ಬರ್ತಾಳ. ಸಂಘದವರು ನಾಳೆ ಕೂಡ್ತಾರ. ಮನಿ ಒಡೆಯರ ಬಾಯಿಂದನ ಮನಿ ಕಥಿ ಕೇಳಬೇಕಂತ ಅವರ ಹಟ. ಇವರು ಎರಡ ಸಲ ಏನೇನೋ ನೆವಾ ಹೇಳಿ ತಪ್ಪಿಸ್ಯಾರ. ಇನ್ನೊಂದ ಸಲ ಅಂದ್ರ ಸಂಘದವರು ಕೈ ತೊಳಕೊಂತಾರ, ಮನಿ ಕೆಡವೋರು ಗುದ್ದಲಿ ತರ್ತಾರ."

"ನಾಲಿಗೆ ಸುಟ್ಟಿದೆ ಅಂತ ಹೇಳಿಬಿಟ್ರೆ?"

"ಥ್ರಿಪ್ ಒಬ್ಬ ಸೂಪಿನ ಕೈಯಾಗ ಸೋತ ಅಂತ ಪರಗಣೆದಾಗ ಗೊತ್ತಾದ್ರ ಆತ್ಮಹತ್ಯಾ ಮಾಡ್ಕೋತಾರಂತ. ಅದನ್ನೂ ಥ-ಥ ಅಂತನ ಹೇಳಿದ್ರು." ಆಕೆ ಪೆಟ್ಟಿಗೆಯ ಮೇಲೆ ಕುಳಿತೇಬಿಟ್ಟಳು. "ನಿನ್ನ ದನಿ ಬೇಕು. ಹೋದ ತಿಂಗಳ ಕತ್ತಲ ಓಣ್ಯಾಗ ನೀ 'ಮಾಡ್, ಬೇಗ ಸಿದ್ಧವಾಗು' ಅಂದಿದ್ದಿ, ನೆಪ್ಪೈತೇನು? ನಾ ಮುತ್ತಿನ ಸರ ಹಾಕ್ಕೊಂಡು ಒಂದ ತಾಸ ಮೆಟ್ಟಿಲ ಮ್ಯಾಲ ನಿಂತಿದ್ದೆ."

ವಿಲ್ಫ್ರೆಡ್ ಕೆಮ್ಮಿದ. "ನಾನು ದನಿ ಕೊಟ್ರೆ, ಅವರು ನನಗೆ ಕೋಣೆ ಕೊಡ್ತಾರಾ?"

"ಕೇಳಿದೆ. ತಲಿ ಅಡ್ಡಡ್ಡ ಅಲ್ಲಾಡಿಸಿದ್ರು."

ಅಂದರೆ ಮನೆ ಬಿದ್ದರೆ ಎಲ್ಲರೂ ಬೀದಿಗೆ. ಮನೆ ಉಳಿದರೆ ವಿಲ್ಫ್ರೆಡ್ ಒಬ್ಬನೇ ಬೀದಿಗೆ. ಯಾವ ಲೆಕ್ಕದಲ್ಲೂ ಕ್ರಾಯ್ಡನ್ನಿನ ಸೋಫಾ ತಪ್ಪುವಂತಿರಲಿಲ್ಲ. ಆದರೂ ಅವನು ಎದ್ದ. ಇಷ್ಟು ಕಾಲ ಅಲ್ಲೊಂದು ವಾಕ್ಯ, ಇಲ್ಲೊಂದು 'ಹ್ರುಂ' ಕದ್ದು ಬದುಕಿದವನಿಗೆ ಇಡೀ ಒಂದು ಪಾತ್ರ ಸಿಕ್ಕಿತ್ತು. ಅದೂ ಅಲ್ಲದೆ, ಒಡೆಯರ ದನಿ ತನ್ನ ಕೈಯಲ್ಲಿದ್ದು, ಒಡೆಯರಿಗೆ ಎದುರುತ್ತರ ಕೊಡಲು ನಾಲಿಗೆ ಇಲ್ಲದ ಮಧ್ಯಾಹ್ನ ಮನುಷ್ಯನ ಆಯುಷ್ಯದಲ್ಲಿ ಮತ್ತೆ ಬರುತ್ತದೆಯೆ?

ಸರ್ ಎವರಾರ್ಡರನ್ನು ಸುಳ್ಳು ಪುಸ್ತಕಗಳ ಪಕ್ಕದ ಗೋಡೆಗೆ ಬೆನ್ನು ತಾಗುವಂತೆ ಕುರ್ಚಿಯಲ್ಲಿ ಕೂರಿಸಿದರು. ಹಿಂದೆ, ಗುಟ್ಟಿನ ಬಾಗಿಲಿನ ಆಚೆ, ಸಂದಿಗೆ ಬಾಯಿಟ್ಟು ವಿಲ್ಫ್ರೆಡ್ ಮಂಡಿಯೂರಿದ. ಮುಂದೆ ಮೀಸೆ ಅಲ್ಲಾಡಿದರೆ ಸಾಕು, ತುಟಿ ಯಾರಿಗೂ ಕಾಣುವುದಿಲ್ಲ. ಆ ಮೀಸೆ ಹುಟ್ಟಿದ್ದು ಈ ಕೆಲಸಕ್ಕೇ ಎನ್ನಬೇಕು.

ಮಿಸ್ ಹಾಬ್ಡೆ ಬಂದಳು. ಕುಳ್ಳಗಿನ ಹೆಂಗಸು, ಕೆಸರಾದ ಬೂಟು, ಕಂಡ ಕಂಡ ಗೋಡೆಯನ್ನು ಗೆಣ್ಣಿನಿಂದ ತಟ್ಟಿ ಕಿವಿಗೊಡುವ ಅಭ್ಯಾಸ. ಬೆಳಗಿನಿಂದಲೇ ಬಂದು ಹೊರಗಿನಿಂದ ಮನೆಯನ್ನು ಸುತ್ತುತ್ತಿದ್ದಳಂತೆ, ಒಳಗೆ ಬರುವ ದಾರಿಯಲ್ಲಿ ಊಟದ ಕೋಣೆಯನ್ನೂ ತಟ್ಟಿ ನೋಡಿದ್ದಳು.

"ನಿಮ್ಮ ಕಂದಕ ತುಂಬಾ ಚೆನ್ನಾಗಿ ಮರೆಯಾಗಿದೆ, ಸರ್ ಎವರಾರ್ಡ್," ಎಂದಳು ಬೂಟು ನೋಡಿಕೊಳ್ಳುತ್ತ. "ಬಿದ್ದಮೇಲೇ ಕಂಡಿದ್ದು."

"ಹ್ರುಂ," ಎಂದಿತು ಗೋಡೆ. ಮೀಸೆ ಒಂದು ಕ್ಷಣ ತಡವಾಗಿ ಅಲ್ಲಾಡಿತು. "ನಮ್ಮ ಮುತ್ತಜ್ಜಿ ಕುದುರೆ ಸಮೇತ ಬಿದ್ದಿದ್ರು. ಕುದುರೆ ಮಾತ್ರ ಎದ್ದು ಬಂತು. ಅದಕ್ಕೇ ಮುತ್ತಜ್ಜನಿಗೆ ಕುದುರೆ ಅಂದ್ರೆ ಅಷ್ಟು ಪ್ರೀತಿ."

ಮಿಸ್ ಹಾಬ್ಡೆ ಕಣ್ಣರಳಿಸಿದಳು. ಲೇಡಿ ಥ್ರಿಪ್ ಚಹಾ ಬಗ್ಗಿಸುತ್ತ, "ನಾ ಕೇಳಿರಲಿಲ್ಲ ಬಿಡ್ರಿ ಈ ಕಥಿ," ಎಂದಳು, ಗೋಡೆಯ ಕಡೆ ಒಂದು ನೋಟ ಬೀರಿ.

"ಈ ಮನೆಯಲ್ಲಿ ನಿಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಏನು?"

ನಿಜವಾದ ಸರ್ ಎವರಾರ್ಡ್ ಆಗಿದ್ದರೆ ನಾಯಿಗೂಡು ಎನ್ನುತ್ತಿದ್ದರು. ವಿಲ್ಫ್ರೆಡ್ ಅದನ್ನೇ ಹೇಳಬೇಕೆಂದಿದ್ದ. ಆದರೆ ಪ್ರಶ್ನೆ ಕಿವಿಗೆ ಬಿದ್ದಕೂಡಲೇ ಉತ್ತರ ತಾನಾಗಿ ಬಂತು. "ಊಟದ ಕೋಣೆಯ ಬಲಗಡೆ ಬಾಗಿಲು. ಎಲ್ಲ ಬಾಗಿಲೂ ಎಲ್ಲಿಗೋ ಕರ್ಕೊಂಡು ಹೋಗ್ತವೆ. ಅದೊಂದೇ, ಇಲ್ಲೇ ಇರು ಅನ್ನೋದು."

ದನಿ ಒಡೆಯರದೇ ಇತ್ತು, ಮಾತು ಮಾತ್ರ ಒಡೆಯರದಾಗಿರಲಿಲ್ಲ. ಮಿಸ್ ಹಾಬ್ಡೆ ಬಟ್ಟಲನ್ನು ಕೆಳಗಿಟ್ಟಳು. ಸರ್ ಎವರಾರ್ಡರ ಮೀಸೆ ಅಲ್ಲಾಡುವುದನ್ನೇ ಮರೆತಿತ್ತು.

ಬಾಗಿಲಿನ ಹಿಂದೆ ವಿಲ್ಫ್ರೆಡ್‌ಗೆ ಮೈಮೇಲೆ ಬಂದಂತಾಗಿತ್ತು. "ಹ್ರುಂ. ಇನ್ನೊಂದು ಮಾತು. ಈ ಮನೆ ತೋರಿಸೋಕೆ ಪಾಸ್ಕ್ ಅಂತ ಒಬ್ಬನಿದ್ದಾನೆ. ಅಪ್ಪಟ ಬಂಗಾರ. ಚಿಮಣಿ ಇಲ್ಲದೆ ಮನೆ ಇರಬಹುದು, ಪಾಸ್ಕ್ ಇಲ್ಲದೆ ಇಲ್ಲ. ಅವನನ್ನ ಬಿಡಿಸೋ ಯೋಚನೆ ನನಗೆ ಕನಸಲ್ಲೂ—"

ಸರ್ ಎವರಾರ್ಡ್ ಹಿಮ್ಮಡಿಯಿಂದ ಗೋಡೆಗೆ ಒದ್ದರು. 'ಮೌನಿಗಳ ಆಯ್ದ ಭಾಷಣಗಳು' ಗಡಗಡ ನಡುಗಿದವು.

"ಇಲಿ," ಎಂದಿತು ಗೋಡೆ. "—ಕನಸಲ್ಲೂ ಬಂದಿಲ್ಲ. ಲಾಯದ ಮೇಲಿನ ಕೋಣೆ ಅವನು ಇರೋವರೆಗೂ ಅವನದೇ."

"ಥುಳ್ಳು," ಎಂದರು ಸರ್ ಎವರಾರ್ಡ್.

"ಸತ್ಯ," ಎಂದಿತು ಗೋಡೆ.

"ಥತ್ಯ ಅಲ್ಲ. ಥುದ್ಧ ಥುಳ್ಳು. ಥನಿವಾರ ಥಾಲಿ ಮಾಡ್ಥಾನೆ."

ಒಬ್ಬರೇ ಮನುಷ್ಯ, ಎರಡು ದನಿ, ಎರಡು ಅಭಿಪ್ರಾಯ. ಮಿಸ್ ಹಾಬ್ಡೆ ಅವರ ಮೀಸೆಯನ್ನು ನೋಡಿದಳು. ಲೇಡಿ ಥ್ರಿಪ್ ಸಕ್ಕರೆಯ ಬಟ್ಟಲು ಮುಂದೆ ಹಿಡಿದು, "ಅವರಿಗೆ ಆಗಾಗ ಹಿಂಗ ಆಗ್ತೈತ್ರಿ, ದೊಡ್ಡ ಮನೆತನಾ," ಎಂದಳು. ಅದು ಯಾವ ರೋಗಕ್ಕೂ ಹೊಂದಲಿಲ್ಲ.

ಮಿಸ್ ಹಾಬ್ಡೆ ಎದ್ದು ಕುರ್ಚಿಯ ಪಕ್ಕಕ್ಕೆ ಬಂದು ಪುಸ್ತಕಗಳ ಬೆನ್ನು ಓದತೊಡಗಿದಳು. "'ಕದ-ಸಂಗ್ರಹ'. ಚೆನ್ನಾಗಿದೆ. 'ಮೌನಿಗಳ ಆಯ್ದ ಭಾಷಣಗಳು'. ಇದೊಂದು ಸಂಪುಟ ಈಗಷ್ಟೇ ಕೇಳಿದೆ ಅನ್ಸುತ್ತೆ." ಬೆನ್ನಿನ ಅಂಚು ಹಿಡಿದು ಎಳೆದಳು.

ಬಾಗಿಲಿಗೆ ಒರಗಿದ್ದ ವಿಲ್ಫ್ರೆಡ್ ಮಂಡಿಯೂರಿದ ಭಂಗಿಯಲ್ಲೇ ಒಳಗೆ ಬಂದ. ಗಲ್ಲ ಇನ್ನೂ ಉಬ್ಬಿತ್ತು, ಕುತ್ತಿಗೆ ಇನ್ನೂ ಕಾಲರಿನೊಳಗಿತ್ತು. ಪಕ್ಕದಲ್ಲಿ ಕುರ್ಚಿಯ ಮೇಲೆ ಅದೇ ಗಲ್ಲ, ಅದೇ ಕುತ್ತಿಗೆ.

ವಿಲ್ಫ್ರೆಡ್‌ನ ಕಣ್ಣಿಗೆ ಗುದ್ದಲಿಗಳು ಕಂಡವು, ಗಾರೆಯ ಕಂಬಗಳು ಪುಡಿಯಾಗುವುದು ಕಂಡಿತು. ತನ್ನ ಕೋಣೆಯಾಸೆಗೆ ಇಡೀ ಮನೆಯನ್ನು ಒತ್ತೆ ಇಟ್ಟು ಕಳೆದೆ ಎನ್ನಿಸಿ ಗಲ್ಲದ ಗಾಳಿ ತಾನಾಗಿ ಇಳಿಯಿತು. "ತಪ್ಪು ನನ್ನದು, ಮಿಸ್ ಹಾಬ್ಡೆ," ಎಂದ, ಈ ಸಲ ಸ್ವಂತ ದನಿಯಲ್ಲಿ. ಎಷ್ಟೋ ದಿನಗಳಿಂದ ಬಳಸದ ದನಿ, ತುಸು ತುಕ್ಕು ಹಿಡಿದಿತ್ತು. "ಮನೆಗೂ ಇದಕ್ಕೂ ಸಂಬಂಧ ಇಲ್ಲ. ಬೈಯೋದಾದ್ರೆ ನನ್ನನ್ನ ಬೈರಿ, ಮನೆ ಉಳಿಸಿ."

"ಸಂಬಂಧ ಇಲ್ವೆ?" ಮಿಸ್ ಹಾಬ್ಡೆ ಇಬ್ಬರನ್ನೂ ನೋಡಿದಳು, ದೂರ ಸರಿದು ಮತ್ತೆ ನೋಡಿದಳು, ಮುಂಗಟ್ಟನ್ನು ನೋಡುವವಳಂತೆ. "ನಾನು ಬೆಳಗಿಂದ ನೋಡ್ತಾ ಇದ್ದೀನಿ. ನಿಜವಾದ ಕಿಟಕಿಗೆ ಎದುರು ಒಂದು ಸುಳ್ಳು ಕಿಟಕಿ, ನಿಜವಾದ ಬಾಗಿಲಿಗೆ ಒಂದು ಸುಳ್ಳು ಬಾಗಿಲು, ಬೆಕ್ಕಿಗೂ ಒಂದು ಬಣ್ಣದ ಬೆಕ್ಕು. ಈ ಮನೆಯಲ್ಲಿ ಜೋಡಿ ಇಲ್ಲದೆ ನಿಂತಿದ್ದು ಒಡೆಯರೊಬ್ಬರೇ. ಕೊರತೆ ಅಂದ್ಕೊಂಡಿದ್ದೆ." ಕುರ್ಚಿಯತ್ತ ಬೆರಳು ತೋರಿಸಿದಳು. "ಎಡಗಡೆಯವರು ಥ್ರಿಪ್." ನೆಲದತ್ತ ತೋರಿಸಿದಳು. "ಬಲಗಡೆಯವರು ಥ್ರಿಪ್ ಅಲ್ಲ. ಇಷ್ಟು ಸಂಪೂರ್ಣವಾದ ಮನೆ ನಾನು ನೋಡಿಲ್ಲ. ನಾಳೆ ಸಂಘಕ್ಕೆ ಹಾಗೇ ಹೇಳ್ತೀನಿ."

"ಅಂದ್ರ ತಗೋತೀರೇನ್ರಿ?" ಎಂದಳು ಲೇಡಿ ಥ್ರಿಪ್.

"ಒಂದು ಷರತ್ತಿನ ಮೇಲೆ. ಕಟ್ಟಿದಾಗಿನ ಅಂದ ಕೆಡಬಾರದು. ಜೋಡಿಯಲ್ಲಿ ಒಂದನ್ನ ಕಿತ್ತರೆ ಇನ್ನೊಂದು ಸೊಟ್ಟಗೆ ಕಾಣುತ್ತೆ, ಹಾಗಾಗಿ ಇವರು ಇಲ್ಲೇ ಇರಬೇಕು."

"ಥಾಧ್ಯವಿಲ್ಲ," ಎಂದರು ಸರ್ ಎವರಾರ್ಡ್.

"ಹಾಗೇ ಊಟದ ಕೋಣೆಯ ಪಕ್ಕ ಯಾರೋ ಕರೆಂಟಿನ ಒಲೆ ಇಟ್ಟಿದ್ದಾರೆ. ಅದು ಮೂಲದಲ್ಲಿ ಇಲ್ಲ. ಅದನ್ನ ತೆಗೀಬೇಕು. ಅಡುಗೆ ಹಳೆ ಅಡುಗೆಮನೆಯಿಂದ ಹಳೆ ಓಣಿಯಲ್ಲೇ ಬರಬೇಕು."

ಸರ್ ಎವರಾರ್ಡ್ ಸೆಟೆದು ಕುಳಿತರು. ಅವರ ಕಣ್ಣು ಮೊದಲು ನೆಲದ ಮೇಲಿನ ವಿಲ್ಫ್ರೆಡ್‌ನ ಮೇಲೆ ನಿಂತಿತು, ಅದರಲ್ಲಿ ಶನಿವಾರ ಇನ್ನೂ ಇತ್ತು. ಆಮೇಲೆ ಹೆಂಡತಿಯ ಮೇಲೆ ಹೋಯಿತು. ಆಮೇಲೆ ಎಲ್ಲೋ ದೂರ, ಕೆನೆಗಟ್ಟಿದ, ತಣ್ಣಗಿನ, ಯಾರಿಗೂ ಕೆಡುಕು ಬಗೆಯದ ಸೂಪಿನ ಮೇಲೆ.

"ಒಲೆ ಹೋಗಬೇಕಾದ್ರೆ ನಾನು ಇರಬೇಕು, ಸರ್ ಎವರಾರ್ಡ್," ಎಂದ ವಿಲ್ಫ್ರೆಡ್ ಮೆಲ್ಲಗೆ. "ಎರಡೂ ಒಂದೇ ಷರತ್ತು."

ಮೀಸೆಯ ಹಿಂದೆ ಬಹಳ ಹೊತ್ತು ಹೋರಾಟ ನಡೆಯಿತು.

"ಥರಿ," ಎಂದರು.

ಮನೆ ಉಳಿಯಿತು. ಒಲೆ ಹೋಯಿತು. ಲೇಡಿ ಥ್ರಿಪ್ ತನ್ನ ಸೂಪನ್ನು ಅಡುಗೆಮನೆಗೇ ಹೋಗಿ ನಿಂತು ಕುಡಿದು ಬರುತ್ತಾಳೆ. ನಾಲಿಗೆ ವಾಸಿಯಾದ ಮೇಲೂ ಸರ್ ಎವರಾರ್ಡ್ ವಿಲ್ಫ್ರೆಡ್‌ನೊಡನೆ ನೇರವಾಗಿ ಮಾತಾಡುವುದಿಲ್ಲ. ಆದರೆ ಮನೆಗೆ ಜನ ಬರುವ ದಿನ ಪತ್ರಿಕೆ ಹಿಡಿದು ಗುಟ್ಟಿನ ಬಾಗಿಲಿನ ಹಿಂದೆ ಕುರ್ಚಿ ಹಾಕಿಕೊಳ್ಳುತ್ತಾರೆ. ಈಚೆ ವಿಲ್ಫ್ರೆಡ್, "ಹ್ರುಂ. ನಮ್ಮ ಮುತ್ತಜ್ಜಿ ಕುದುರೆ ಸಮೇತ..." ಎಂದು ಶುರುಮಾಡಿದರೆ ಆಚೆಯಿಂದ, "ಹ್ರುಂ. ಸುಳ್ಳು," ಎಂದು ಬರುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ.

ಮೊನ್ನೆ ಲೆಸ್ಟರಿನಿಂದ ಬಂದಿದ್ದ ಹೆಂಗಸೊಬ್ಬಳು ಹೊರಡುವಾಗ ವಿಲ್ಫ್ರೆಡ್‌ನ ಕೈ ಕುಲುಕಿದಳು.

"ನೀವಂತೂ ಥೇಟ್ ಸಾಹೇಬರೇ. ಆದ್ರೆ ಒಳಗೆ ಕೂರಿಸಿದ್ದೀರಲ್ಲ, ಅವರು ಅಷ್ಟು ಚೆನ್ನಾಗಿ ಮಾಡಲ್ಲ. ಆ ಹ್ರುಂ ಇದೆಯಲ್ಲ, ಸ್ವಲ್ಪ ಕೃತಕ."

'ಹಾವಿನ ಕಾಲುಗಳ' ಹಿಂದೆ ಪತ್ರಿಕೆ ಮಡಚಿದ ಸದ್ದಾಯಿತು. ಮಾರನೆಯ ದಿನ ಬೆಳಿಗ್ಗೆ ಕದ ತೆಗೆಯುವ ಮುಂಚೆಯೇ, ಖಾಲಿ ಗ್ರಂಥಾಲಯದಲ್ಲಿ ಯಾರೋ ಒಬ್ಬರೇ ಗಂಟಲು ಸರಿಮಾಡಿಕೊಂಡು, ಒಂದು ಸಲ ದಪ್ಪಗೆ, ಒಂದು ಸಲ ಸಣ್ಣಗೆ, 'ಹ್ರುಂ' ಅಭ್ಯಾಸ ಮಾಡುತ್ತಿದ್ದುದು ವಿಲ್ಫ್ರೆಡ್‌ಗೆ ಕೇಳಿಸಿತು. ಅವನು ಬಾಗಿಲ ಬಳಿ ನಿಂತು ಕೇಳಿದ. ಮೂರನೆಯದು ಪರವಾಗಿರಲಿಲ್ಲ.